ಹಡಗಿನ ಹಿಂಬದಿಯ ಒಲೆ

ಅಜ್ಜಂಪುರದ ಕೊಬ್ಬರಿ ವ್ಯಾಪಾರಿ ಬಸವರಾಜಪ್ಪನವರ ಸೊಸೆ ತೀರ್ಥಮ್ಮ ಇಂಗ್ಲೆಂಡಿನ ಹಡಗು ಹತ್ತಿದ್ದು ಲೋಕ ನೋಡುವುದಕ್ಕಲ್ಲ, ರಾಗಿಮುದ್ದೆ ತಿರುವುವುದಕ್ಕೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಯಾಕೆಂದರೆ ಊರ ಹೆಂಗಸರು ಬಾವಿಕಟ್ಟೆಯಲ್ಲಿ ಕೊಡ ಇಳಿಸಿ, "ಪುಣ್ಯವಂತೆ ಕಣಮ್ಮ, ಗಂಡನ ಜೊತೆ ದೊರೆಗಳ ಸೀಮೆಗೆ ಹೊಂಟವ್ಳೆ" ಎಂದು ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಅವರಲ್ಲಿ ಒಬ್ಬಳನ್ನಾದರೂ ಆ ಹಡಗಿನ ಹಿಂಬದಿಗೆ ತಂದು, ಕಲ್ಲಿದ್ದಲ ಹೊಗೆಯಲ್ಲಿ ಒಂದು ಹೊತ್ತು ನಿಲ್ಲಿಸಬೇಕಿತ್ತು.

ಮೊದಲನೆಯ ದೊಡ್ಡ ಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ತೀರ್ಥಮ್ಮನ ಗಂಡ ದೇವೀರಪ್ಪ ಬಿ.ಎ. ಪಾಸು ಮಾಡಿದ್ದ. ನಮ್ಮ ಎಣ್ಣೆ, ಕೊಬ್ಬರಿಯೆಲ್ಲ ಕಡಲು ದಾಟಿ ಹೋಗಿ ಸಾಬೂನಾಗಿ ವಾಪಸ್ಸು ಬರುವುದೇಕೆ, ಇಲ್ಲೇ ಬೇಯಿಸಿದರಾಗದೇ ಎಂದು ಸರ್ಕಾರದ ದೊಡ್ಡವರಿಗೆ ಅನ್ನಿಸಿ, ಸಾಬೂನಿನ ವಿದ್ಯೆ ಕಲಿತು ಬರಲು ಅವನನ್ನು ಮೂರು ವರ್ಷಕ್ಕೆ ಇಂಗ್ಲೆಂಡಿಗೆ ಆರಿಸಿದ್ದರು. ಬಸವರಾಜಪ್ಪನವರಿಗೆ ಹೆಮ್ಮೆಯೂ ಆಯಿತು, ಎದೆಯೂ ನಡುಗಿತು. ಮಗ ಕಂಡಕಂಡವರ ಕೈಯಲ್ಲಿ ಉಂಡು ಬಂದರೆ ನೆಂಟರು ಪಂಕ್ತಿಗೆ ಸೇರಿಸುತ್ತಾರೆಯೇ? ಮನೆಯಲ್ಲಿ ಮದುವೆಗೆ ಬೆಳೆದ ಮಗಳು ಬೇರೆ ಇದ್ದಾಳೆ. ಮನೆಮಂದಿಯನ್ನೆಲ್ಲ ಕರೆದುಕೊಂಡು ಮಠಕ್ಕೆ ಹೋಗಿ ಸ್ವಾಮಿಗಳನ್ನು ಕೇಳಿದರು. ಸ್ವಾಮಿಗಳು ಒಳ್ಳೆಯವರು, ಹೋಗಬೇಡ ಎನ್ನಲಿಲ್ಲ.

"ಲಿಂಗಪೂಜೆ ಒಂದು ದಿನವೂ ತಪ್ಪಕೂಡದು. ಲಿಂಗ ಕಟ್ಟಿದವರ ಕೈಯಡಿಗೆ ಬಿಟ್ಟು ಬೇರೇನೂ ಮುಟ್ಟಕೂಡದು. ಇಷ್ಟು ನಡೆಸಿದರೆ ಕಡಲಾದರೇನು, ಕೆರೆಯಾದರೇನು, ಹೋಗಿ ಬರಲಿ" ಎಂದರು.

"ಹಡಗ್ನಲ್ಲಿ ಅಡಿಗೆ ಮಾಡೋರ್ಯಾರು ಬುದ್ಧೀ?" ಎಂದು ಬಸವರಾಜಪ್ಪನವರು ಕೇಳಿದರು.

ಅಲ್ಲಿದ್ದವರೆಲ್ಲ ಒಟ್ಟಿಗೆ, ಕಂಬದ ಮರೆಯಲ್ಲಿ ನಿಂತಿದ್ದ ತೀರ್ಥಮ್ಮನ ಕಡೆ ತಿರುಗಿದರು. ಕೇಳಲಿಲ್ಲ, ಸುಮ್ಮನೆ ತಿರುಗಿದರು, ಅಷ್ಟೇ. ಅವಳು ಮುಂದೆ ಬಂದು, ಕೊರಳ ಲಿಂಗವನ್ನು ಅಂಗೈಯಲ್ಲಿ ಹಿಡಿದು, "ನಮ್ಮ ಯಜಮಾನ್ರ ಊಟ ಹೊತ್ತುಹೊತ್ತಿಗೂ ನನ್ನ ಕೈಯಿಂದ್ಲೇ ನಡೀತದೆ ಬುದ್ಧೀ" ಎಂದು ಮಾತು ಕೊಟ್ಟಳು. ಕೊಡದೆ ಏನು ಮಾಡಿಯಾಳು?

ಅವಳಿಗೆ ನಾಲ್ಕು ವರ್ಷದ ಮಗಳಿದ್ದಳು, ಗಿರಿಜೆ. ಮಗುವಿನ ಮಾತು ಎದ್ದದ್ದು ಮಠದಿಂದ ಮನೆಗೆ ಬಂದ ಮೇಲೆ. ಅತ್ತೆ ಲಿಂಗಮ್ಮ, "ಎಳೇ ಮಗೂನ ನಾನು ಕಡಲಿಗೆ ಕಳ್ಸಾಕಿಲ್ಲ. ಗಿರಿಜೆ ನನ್ತಾವೇ ಇರ್ಲಿ, ಮೂರು ವರ್ಸ ಅನ್ನೋದು ಏನ್ಮಹಾ" ಎಂದರು. ಹೊರಡುವ ದಿನ ಅಜ್ಜಂಪುರದ ಸ್ಟೇಷನ್ನಿನಲ್ಲಿ ಮಗು, ಎಲ್ಲಿಗೆ ಎಂದು ಕೇಳಿತು. "ತರೀಕೆರೆ ಸಂತೆಗೆ ಕಣವ್ವ, ಸಾಯಂಕಾಲಕ್ಕೆ ಬಂದ್ಬಿಡ್ತೀವಿ" ಎಂದಳು ತೀರ್ಥಮ್ಮ. ಆಮೇಲೆ ರೈಲು ಪುಣೆ ಮುಟ್ಟುವವರೆಗೆ ಅವಳು ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ಗಂಡ ಅದನ್ನು ಪ್ರಯಾಣದ ಆಯಾಸ ಎಂದುಕೊಂಡ.

ಮುಂಬಯಿಯಲ್ಲಿ ಹತ್ತಿದ ಹಡಗೆಂದರೆ ಅದೊಂದು ತೇಲುವ ಪಾಠಶಾಲೆಯೇ ಆಗಿತ್ತು. ಮೈಸೂರು, ಮದರಾಸು, ಪುಣೆಯ ಕಡೆಯಿಂದ ಓದಲು ಹೊರಟ ಹುಡುಗರು ಎರಡನೇ ಕ್ಲಾಸಿನ ತುಂಬ ಇದ್ದರು. ನೌಕರಿ ಮುಗಿಸಿ ತಮ್ಮ ದೇಶಕ್ಕೆ ವಾಪಸ್ಸಾಗುತ್ತಿದ್ದ ಮುದುಕ ಪ್ರೊಫೆಸರೊಬ್ಬ, ಹೊತ್ತು ಹೋಗದೆಯೋ ಪುಣ್ಯಕ್ಕೋ, ಬೆಳಿಗ್ಗೆ ಡೆಕ್ಕಿನ ಚಪ್ಪರದ ಕೆಳಗೆ ಇವರನ್ನೆಲ್ಲ ಕೂರಿಸಿಕೊಂಡು ಪಾಠ ಹೇಳುತ್ತಿದ್ದ. ಯಾರಿಗೆ ಹೇಗೆ ವಂದಿಸಬೇಕು, ಎಲ್ಲಿ ಟೋಪಿ ತೆಗೆಯಬೇಕು, ಉಗಿಯಂತ್ರ ಹೇಗೆ ಓಡುತ್ತದೆ, ನಕ್ಷೆಯಲ್ಲಿ ಇವತ್ತು ಎಲ್ಲಿದ್ದೇವೆ ಎಲ್ಲ ಅದರಲ್ಲಿ ಬರುತ್ತಿತ್ತು. ಮಧ್ಯಾಹ್ನ ಊಟದ ಮೇಜಿನಲ್ಲೂ ಪಾಠವೇ. ಊಟ ಮಾಡುತ್ತ ಇಂಗ್ಲಿಷಿನಲ್ಲಿ ಹರಟಬೇಕು. ದೇವೀರಪ್ಪ ಬೆಳಗಿನ ಪಾಠಕ್ಕೆ ತಪ್ಪದೆ ಹೋಗುತ್ತಿದ್ದ. ಮೇಜಿನ ಪಾಠಕ್ಕೆ ಅವನು ಹೋಗುವಂತಿರಲಿಲ್ಲ. ಅವನ ಊಟ ಹಿಂಬದಿಯಲ್ಲಿ ಬೇಯುತ್ತಿತ್ತಲ್ಲ.

ಹಿಂಬದಿಯಲ್ಲಿ, ಹಡಗಿನ ಆಳುಗಳಾದ ಖಲಾಸಿಗಳ ಅಡಿಗೆಮನೆಯ ಪಕ್ಕ, ಹಗ್ಗದ ಸುರುಳಿಗಳ ನಡುವೆ, ತೀರ್ಥಮ್ಮನಿಗೆ ಒಂದು ಮೂಲೆ ಕೊಟ್ಟಿದ್ದರು. ಮರಳು ತುಂಬಿದ ತಗಡಿನ ಮೇಲೆ ಕಬ್ಬಿಣದ ಒಲೆ. ಪಾತ್ರೆ ಜಾರದಂತೆ ಸುತ್ತ ಕಬ್ಬಿಣದ ಪಟ್ಟಿ. ಆ ಪಟ್ಟಿ ಮಾಡಿದವನು ಅನ್ನದ ಪಾತ್ರೆಯನ್ನು ನೆನೆದಿದ್ದನೇ ಹೊರತು ಮುದ್ದೆಯ ಪಾತ್ರೆಯನ್ನಲ್ಲ. ಮುದ್ದೆಗೆ ಪಾತ್ರೆಯನ್ನು ಕವೆಗೋಲಿನಿಂದ ಒತ್ತಿ ಹಿಡಿದು, ಎರಡು ಕೈಯಲ್ಲೂ ದೊಣ್ಣೆ ಹಿಡಿದು ತಿರುವಬೇಕು. ಮನೆಯಲ್ಲಿ ಕವೆಗೋಲಿನ ಮೇಲೆ ಪಾದ ಊರಿದರೆ ನೆಲ ಅಲ್ಲಾಡದೆ ನಿಂತಿರುತ್ತದೆ. ಇಲ್ಲಿ ನೆಲವೇ ಏಳುತ್ತಿತ್ತು, ಬೀಳುತ್ತಿತ್ತು. ಬುಕ್ಕಾಂಬುಧಿ ಕೆರೆಗಿಂತ ದೊಡ್ಡ ನೀರನ್ನು ಕಾಣದವಳು ಅವಳು. ಬೆನ್ನನ್ನು ಹಡಗಿನ ಗೋಡೆಗೆ ಕೊಟ್ಟು, ಒಂದು ಕಾಲನ್ನು ಕಬ್ಬಿಣದ ಗೂಟಕ್ಕೆ ಒತ್ತಿ ಹಿಡಿದು, ಹಡಗು ಎಡಕ್ಕೆ ವಾಲಿದಾಗ ತಾನು ಬಲಕ್ಕೆ ವಾಲಿ ಮುದ್ದೆ ತಿರುವುವುದನ್ನು ಯಾವ ಪ್ರೊಫೆಸರೂ ಹೇಳಿಕೊಡದೆ ಕಲಿತಳು. ಕಲಿತದ್ದಕ್ಕೆ ಸಂತೋಷವೇನೂ ಆಗಲಿಲ್ಲ. ಸೊಂಟ ಬಿದ್ದುಹೋಯಿತು.

ಅವಳ ದಿನ ಹೀಗೆ. ನಸುಕಿನಲ್ಲೇ ಎದ್ದು, ಇನ್ನಿಬ್ಬರು ಬಿಳಿ ಹೆಂಗಸರ ಜೊತೆ ಹಂಚಿಕೊಂಡ ಕ್ಯಾಬಿನ್ನಿನಿಂದ ಸದ್ದಾಗದಂತೆ ಹೊರಬಂದು, ನೀರಿಗೆ ಸಾಲು ನಿಲ್ಲಬೇಕು. ಸಿಕ್ಕ ನೀರಿನಲ್ಲಿ ಮೈ ತೊಳೆದು, ರಾಗಿಹಿಟ್ಟಿನ ಎರಡು ಮೂಟೆಗಳ ನಡುವೆ ಅಡಕವಾಗಿ ಕೂತು, ಎಡಗೈಯಲ್ಲಿ ಲಿಂಗ ಹಿಡಿದು ಪೂಜೆ. ಹಡಗು ಕುಲುಕಿದಾಗಲೆಲ್ಲ, ಲಿಂಗ ಎಲ್ಲಿ ಕೈತಪ್ಪಿ ಉರುಳಿ ಕಡಲು ಸೇರುತ್ತದೋ ಎಂದು ಜೀವ ಬಾಯಿಗೆ ಬರುತ್ತಿತ್ತು. ಧ್ಯಾನಕ್ಕಿಂತ ಹಿಡಿತದ ಕಡೆಗೇ ಮನಸ್ಸು. ಆಮೇಲೆ ಒಲೆ, ಇದ್ದಲು, ಬೆಳಗಿನ ರೊಟ್ಟಿ, ಮಧ್ಯಾಹ್ನದ ಮುದ್ದೆ, ಹುರುಳಿ ಸಾರು, ಸಂಜೆಗೆ ಅನ್ನ, ಚಟ್ನಿಪುಡಿ. ನಡುವೆ ಉಪ್ಪುನೀರಲ್ಲಿ ಪಾತ್ರೆ ಉಜ್ಜುವುದು. ಖಲಾಸಿಗಳ ಅಡಿಗೆಯ ಭಂಡಾರಿ ರತ್ನಾಗಿರಿಯ ಕಡೆಯ ಸಾಬಿ, ಒಳ್ಳೆಯ ಮನುಷ್ಯ. ಅವಳ ಅವಸ್ಥೆ ನೋಡಲಾರದೆ ತನ್ನ ಮೀನಿನ ಬಾಣಲೆಯನ್ನು ವಾಸನೆ ಅವಳತ್ತ ಬೀಸದ ಕಡೆಗೆ ಸರಿಸಿಕೊಂಡಿದ್ದ.

ಅಜ್ಜಂಪುರದಲ್ಲಿ ಅವರ ಹಿತ್ತಿಲಿಗೆ ಹೊಂದಿಕೊಂಡಂತೆ ಸಾವಿತ್ರಮ್ಮ ಎಂಬ ಬ್ರಾಹ್ಮಣರ ಹೆಣ್ಣುಮಗಳ ಮನೆ. ತಿಂಗಳಿಗೊಮ್ಮೆ ಮೂರು ದಿನ ಆಕೆ ಹೊರಗೆ ಕೂರುತ್ತಿದ್ದಳು. ಒಲೆ ಮುಟ್ಟುವಂತಿಲ್ಲ, ಕೊಡ ಮುಟ್ಟುವಂತಿಲ್ಲ. "ನಮ್ಮಲ್ಲಿ ಆ ಮೈಲಿಗೆಯೆಲ್ಲ ಇಲ್ಲ ಕಣೇ, ಲಿಂಗ ಕಟ್ಟಿದ ಮೈಗೆ ಯಾವ ಮೈಲಿಗೆ" ಎಂದು ಲಿಂಗಮ್ಮ ಹೆಮ್ಮೆಯಿಂದ ಹೇಳುವರು. ನಿಜ, ಹೆಮ್ಮೆಯ ಮಾತೇ. ಆದರೆ ಏಡನ್ ದಾಟಿದ ಮೇಲೆ ಒಂದು ಬೆಳಿಗ್ಗೆ, ಸೊಂಟ ಹಿಡಿದುಕೊಂಡು ಒಲೆಯ ಮುಂದೆ ಕೂತಿದ್ದ ತೀರ್ಥಮ್ಮನಿಗೆ ಸಾವಿತ್ರಮ್ಮನ ಆ ಮೂರು ದಿನಗಳ ಮೇಲೆ ಎಂಥ ಆಸೆ ಬಂತೆಂದರೆ, ತನಗೇ ನಾಚಿಕೆಯಾಗಿ ವಿಭೂತಿ ಇನ್ನೊಮ್ಮೆ ಹಚ್ಚಿಕೊಂಡಳು.

ದೇವೀರಪ್ಪನ ಜೊತೆಗಾರ ಗಂಗಾಧರಯ್ಯ ಕಡೂರಿನವನು, ಜಂಗಮರ ಮನೆತನದವನು, ಗಣಿತ ಓದಲು ಹೊರಟವನು. ಗುರುವರ್ಗದವರಾದ್ದರಿಂದ ತೀರ್ಥಮ್ಮ ಅವನನ್ನು ಅಯ್ನೋರೇ ಎನ್ನುತ್ತಿದ್ದಳು. ಹತ್ತಿದ ಮೊದಲ ದಿನವೇ ಅವನು ಕೈಮುಗಿದು, "ತಾಯೀ, ನಂಗೆ ಅಂತ ಅಡಿಗೆ ಮಾಡ್ಬೇಡಿ. ನಾನು ಮೇಜಿನ ಮೇಲೆ ಉಂಡ್ಬಿಡ್ತೀನಿ, ಮುಚ್ಚುಮರೆ ಯಾಕೆ" ಎಂದುಬಿಟ್ಟಿದ್ದ. ತೀರ್ಥಮ್ಮನಿಗೆ ಗಾಬರಿಯಾಯಿತು. "ನೋಡಿದ್ರಾ ನಿಮ್ಮ ಸ್ನೇಹಿತರ್ನ! ಹುಟ್ಟಿದ್ದು ಜಂಗಮರಾಗಿ!" ಎಂದು ಗಂಡನ ಹತ್ತಿರ ಆಡಿಕೊಂಡಳು. ದೇವೀರಪ್ಪ ಹೂಂ ಎಂದ.

ಮುಂಬಯಿ ಬಿಟ್ಟ ಮೇಲೆ ಎರಡು ದಿನ ಅವಳು ತಲೆ ಎತ್ತಿರಲಿಲ್ಲ. ಹೊಟ್ಟೆಯಲ್ಲಿದ್ದುದೆಲ್ಲ ಹೊರಬಂದು, ಕರುಳೇ ಬರುತ್ತದೇನೋ ಎನ್ನುವಂತಾಗಿತ್ತು. "ಎರಡು ದಿನ ಅವಲಕ್ಕಿ ಬೆಲ್ಲ ತಿಂದ್ಕೊಂಡೆ ಕಣೇ, ಚಿಂತೆ ಮಾಡ್ಬೇಡ" ಎಂದು ಗಂಡ ಸಮಾಧಾನ ಹೇಳಿದ್ದ. ಮೂರನೆಯ ದಿನ ಅವಳು ತೂರಾಡಿಕೊಂಡೇ ಹೋಗಿ ಒಲೆ ಹಚ್ಚಿದಳು. ಮಾತು ಕೊಟ್ಟಾಗಿದೆಯಲ್ಲ.

ನೆಲದ ಮೇಲೆ ಕೂತು ಮುದ್ದೆ ಮುರಿಯುವುದನ್ನು ಬಿಳಿಯರು ನಿಂತು ನೋಡುತ್ತಾರೆ, ನಾಚಿಕೆ ಎಂದು ದೇವೀರಪ್ಪ ತಟ್ಟೆಯನ್ನು ತನ್ನ ಕ್ಯಾಬಿನ್ನಿಗೆ ಒಯ್ದು ಉಣ್ಣುತ್ತಿದ್ದ. ಆಮೇಲೆ ಖಾಲಿ ತಟ್ಟೆ ತಂದುಕೊಡುತ್ತಿದ್ದ. ಇಲ್ಲೊಂದು ವಿಷಯ ಹೇಳಬೇಕು. ನೇಮದ ಲಿಂಗಾಯತರ ಮನೆಯಲ್ಲಿ ಉಣ್ಣುವುದೆಲ್ಲ ಲಿಂಗಕ್ಕೆ ತೋರಿಸಿದ ಪ್ರಸಾದ. ಒಂದು ಅಗುಳೂ ಚೆಲ್ಲುವಂತಿಲ್ಲ. ಬೆರಳಿನಿಂದ ತಟ್ಟೆ ಬಳಿದು, ನೀರು ಹಾಕಿ ತೊಳೆದು, ಆ ನೀರನ್ನೂ ಕುಡಿಯಬೇಕು. ಹೀಗೆ ಉಂಡ ಕಂಚಿನ ತಟ್ಟೆಯ ಮೇಲೆ ನೀರು ಒಣಗಿದ ಬೆರಳಿನ ಗೆರೆ ನಿಂತಿರುತ್ತದೆ. ಅಂಥ ತಟ್ಟೆಗಳನ್ನು ಬೆಳಗುವುದರಲ್ಲೇ ತೀರ್ಥಮ್ಮನ ಅರ್ಧ ಆಯಸ್ಸು ಕಳೆದಿತ್ತು. ಇಲ್ಲಿ ಗಂಡನ ತಟ್ಟೆ ಮಾತ್ರ ಹೊಳೆಯುತ್ತ ಬರುತ್ತಿತ್ತು, ಸಾಬೂನಿನ ವಾಸನೆ ಬೇರೆ. ಪಾಪ, ನನಗೆ ಕೆಲಸ ಹೆಚ್ಚೆಂದು ತಾವೇ ಉಜ್ಜಿ ತರುತ್ತಾರೆ ಎಂದು ಅವಳಿಗೆ ಕಣ್ಣು ತುಂಬಿ ಬಂದಿತ್ತು. ಗಂಡ ತಟ್ಟೆ ತೊಳೆದು ಕೊಟ್ಟರೆ ಯಾವ ಹೆಂಗಸಿಗೆ ತಾನೇ ಅನುಮಾನ ಬರುತ್ತದೆ?

ಕೆಂಪು ಸಮುದ್ರದಲ್ಲಿ ಸೆಕೆ ಎಂದರೆ ಸೆಕೆ. ಹಡಗಿನ ಕಬ್ಬಿಣವೇ ಕಾದ ಹೆಂಚಾಗಿತ್ತು. ಕ್ಯಾಬಿನ್ನುಗಳ ದುಂಡು ಕಿಟಕಿಗಳನ್ನೆಲ್ಲ ತೆರೆದಿದ್ದರು. ಆ ಮಧ್ಯಾಹ್ನ ತೀರ್ಥಮ್ಮ ಗಂಡನ ಕೈಗೆ ತಟ್ಟೆ ಕೊಟ್ಟು ಕಳಿಸಿ, ಬೆವರೊರೆಸಿಕೊಂಡು, ಒಂದಿಷ್ಟು ಗಾಳಿ ಸಿಕ್ಕೀತೆಂದು ಕಟಕಟೆಯ ಹತ್ತಿರ ಬಂದು ಕೆಳಗೆ ಬಾಗಿದಳು. ಕೆಳಗಿನ ಸಾಲಿನ ಒಂದು ಕಿಟಕಿಯಿಂದ ಕೈಯೊಂದು ಹೊರಬಂತು. ಕೈಯಲ್ಲಿ ಕಂಚಿನ ತಟ್ಟೆ. ತಟ್ಟೆ ವಾಲಿತು. ದುಂಡಗೆ, ತುಪ್ಪದ ಹೊಳಪಿನ ಒಂದು ಮುದ್ದೆ ಜಾರಿ ಕಡಲಿಗೆ ಬಿತ್ತು. ಹಿಂದೆಯೇ ಸಾರು ಗಾಳಿಗೆ ಚದುರಿತು. ಕೈ ಒಳಗೆ ಹೋಯಿತು.

ಮದುವೆಯಲ್ಲಿ ಅವಳ ಅಪ್ಪ ತೊಡಿಸಿದ ಉಂಗುರ ಆ ಕೈಯಲ್ಲಿತ್ತು. ಉಂಗುರ ಇಲ್ಲದಿದ್ದರೂ ಕೈ ಗೊತ್ತಾಗುತ್ತಿತ್ತು.

ಅವಳು ಒಲೆಯ ಹತ್ತಿರ ವಾಪಸ್ಸು ಬಂದು ಕೂತಳು. ಅಳು ಬರಲಿಲ್ಲ. ಸ್ವಲ್ಪ ಹೊತ್ತಿಗೆ ದೇವೀರಪ್ಪ ಹೊಳೆಯುವ ತಟ್ಟೆ ಹಿಡಿದುಕೊಂಡು ಬಂದ.

"ಉಂಡ್ರಾ?" ಎಂದಳು.

"ಹೂಂ ಕಣೇ. ಚೆನ್ನಾಗಿತ್ತು."

"ಸಾರಿಗೆ ಉಪ್ಪು?"

"ಹದವಾಗಿತ್ತು."

"ಉಪ್ಪೇ ಹಾಕಿರ್ಲಿಲ್ಲ ಇವತ್ತು" ಎಂದಳು ತೀರ್ಥಮ್ಮ. ಹಾಕಿದ್ದಳು. ಆದರೂ ಹಾಗೆಂದಳು.

ದೇವೀರಪ್ಪನ ಮುಖ ಕಪ್ಪಿಟ್ಟಿತು. "ಮೇಲಿಂದ ನೋಡ್ದೆ" ಎಂದಳು ಅವಳು. "ಮುದ್ದೆ ಬಿದ್ದದ್ದೂ ನೋಡ್ದೆ, ನಿಮ್ಮ ಕೈನೂ ನೋಡ್ದೆ."

ಬಿ.ಎ. ಮಾಡಿದವನ ಬಾಯಿಂದ ಮೊದಲು ಬಂದ ಮಾತು ಕೇಳಬೇಕು. "ಲಿಂಗಕ್ಕೆ ತೋರ್ಸಿರ್ಲಿಲ್ಲ ಕಣೇ! ತೋರ್ಸಿದ್ರೆ ತಾನೆ ಪ್ರಸಾದ? ಅದು ಬರೀ ಮುದ್ದೆ. ದೋಷ ಬರಲ್ಲ."

"ಬರೀ ಮುದ್ದೆ" ಎಂದಳು ತೀರ್ಥಮ್ಮ. ಆ ಎರಡು ಮಾತನ್ನು ಅವಳು ಎಷ್ಟು ಮೆಲ್ಲಗೆ ಅಂದಳೆಂದರೆ ಅವನಿಗೆ ಹೆದರಿಕೆಯಾಯಿತು. ಪಕ್ಕದ ಹಗ್ಗದ ಸುರುಳಿಯ ಮೇಲೆ ಕೂತು ಎಲ್ಲ ಹೇಳಿದ. ಅವಳು ಮಲಗಿದ್ದ ಆ ಎರಡು ದಿನ ಗಂಗಾಧರಯ್ಯನ ಜೊತೆ ಮೇಜಿಗೆ ಹೋಗಿದ್ದ. ಬ್ರೆಡ್ಡು, ಹಾಲು, ಬೇಯಿಸಿದ ಆಲೂಗಡ್ಡೆ. ಮಾಂಸ ಮುಟ್ಟಿಲ್ಲ, ಲಿಂಗದಾಣೆ. ಪ್ರೊಫೆಸರು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿಸಿದರು. ಉಳಿದ ಹುಡುಗರೆಲ್ಲ ಅಲ್ಲಿ ನಗುನಗುತ್ತ ಇಂಗ್ಲಿಷು ಕಲಿಯುತ್ತಿದ್ದರೆ ತಾನೊಬ್ಬ ಕ್ಯಾಬಿನ್ನಿನಲ್ಲಿ ಕದ ಹಾಕಿಕೊಂಡು ಕೂರುವುದು ಹೇಗೆ? ಮೂರನೆಯ ದಿನ ಅವಳು ಎದ್ದು ಬಂದಳು.

"ನೀನು ತೂರಾಡ್ಕೊಂಡು ಒಲೆ ಹಚ್ತಾ ಇದ್ದೆ. ಮುಖದಲ್ಲಿ ರಕ್ತ ಇರ್ಲಿಲ್ಲ. ಹೆಂಗೆ ಹೇಳ್ಲಿ? ಬಾಯಿ ಬರ್ಲಿಲ್ಲ ಕಣೇ."

"ಹೇಳಿದ್ರೆ ಮಲಗ್ತಿದ್ದೆ" ಎಂದಳು ತೀರ್ಥಮ್ಮ.

ಅವನು ತಲೆ ತಗ್ಗಿಸಿದ. ಅವಳ ಸಿಟ್ಟು ಆಗ ಹೊರಬಿತ್ತು. "ಒಂದು ಕೇಳ್ತೀನಿ ಹೇಳ್ರೀ. ಗಿರಿಜೆ ಯಾಕೆ ಅಲ್ಲವ್ಳೆ, ನಾನ್ಯಾಕೆ ಇಲ್ಲಿದ್ದೀನಿ? ಸಂತೆಗೆ ಹೋಗಿ ಬತ್ತೀವಿ ಅಂತ ಮಗೂಗೆ ಸುಳ್ಳು ಹೇಳಿ ಬಂದೆ. ನಿಮ್ಮ ಊಟಕ್ಕೋಸ್ಕರ ಬಂದೆ. ನೀವೋ, ಮೇಜಿನ ಮೇಲೆ ಉಂಡು, ನನ್ನ ಮುದ್ದೇನ ಮೀನಿಗೆ ಹಾಕ್ತಿದ್ದೀರಿ. ನಾನು ಮೀನಿಗೆ ಅಡಿಗೆ ಮಾಡೋಕೆ ಮಗಳ್ನ ಬಿಟ್ಟು ಬಂದ್ನಾ?"

ಭಂಡಾರಿಗೆ ಕನ್ನಡ ಬಾರದು. ಆದರೂ ಬಾಣಲೆಯನ್ನು ಅಲ್ಲೇ ಬಿಟ್ಟು ಒಳಕ್ಕೆ ಹೋದ. ಕನ್ನಡ ಬರುತ್ತಿದ್ದ ದೇವೀರಪ್ಪ ಹೊಳೆಯುವ ತಟ್ಟೆಯನ್ನೇ ಇನ್ನೊಮ್ಮೆ ಒರೆಸತೊಡಗಿದ.

ಅಂದಿನಿಂದ ಅವಳು ತನಗೊಬ್ಬಳಿಗೆ ಒಂದು ಹೊತ್ತು ಬೇಯಿಸಿಕೊಂಡಳು. ಉಳಿದ ಹೊತ್ತೆಲ್ಲ ನಿದ್ದೆ. ಹಾಸಿಗೆಗೆ ಬಿದ್ದರೆ ಬಿದ್ದಂತೆಯೇ ನಿದ್ದೆ, ಎದ್ದರೆ ಇನ್ನಷ್ಟು ಆಯಾಸ. ಇಷ್ಟು ದಿನ ಕಟ್ಟಿ ಹಿಡಿದಿದ್ದ ದಣಿವೆಲ್ಲ ಕೈಕಾಲಿಗೆ ಇಳಿದಿತ್ತು. ದೇವೀರಪ್ಪ ಬಾಗಿಲವರೆಗೆ ಬಂದು, ಒಳಗಿನ ಬಿಳಿ ಹೆಂಗಸರಿಗೆ ಹೆದರಿ, "ಹೆಂಗಿದ್ದೀಯೇ?" ಎಂದು ಪಿಸುಗುಟ್ಟಿ ಹೋಗುತ್ತಿದ್ದ. ಅವಳು ಎದ್ದು ಬರುತ್ತಿರಲಿಲ್ಲ. ಕೆಟ್ಟವನೇನಲ್ಲ ಅವನು. ಕೆಟ್ಟವನಾಗಿದ್ದರೆ ಅವಳಿಗೆ ಎಷ್ಟೋ ಸಲೀಸಾಗುತ್ತಿತ್ತು.

ಸೂಯೆಜ್ ಕಾಲುವೆಗೆ ಹಡಗು ಹೊಕ್ಕ ದಿನ ಅವಳೇ ಅವನನ್ನು ಹುಡುಕಿಕೊಂಡು ಡೆಕ್ಕಿಗೆ ಬಂದಳು. ಎರಡೂ ಕಡೆ ಮರಳು, ನಡುವೆ ನೀರಿನ ಓಣಿ. ಗಂಗಾಧರಯ್ಯನೂ ಪಕ್ಕದಲ್ಲಿದ್ದ.

"ನನ್ನ ವಾಪಸ್ಸು ಕಳ್ಸಿಬಿಡಿ" ಎಂದಳು.

ದೇವೀರಪ್ಪ ಗಾಬರಿಯಾಗಿ ಹತ್ತು ಕಾರಣ ಹೇಳಿದ. ಹೆಂಗಸು ಒಬ್ಬಳೇ ಹೋಗುವುದುಂಟೇ? ಅಪ್ಪ ಏನಂದಾರು? ಜನ ಏನಂದಾರು? ಕೊನೆಗೆ, ಅಲ್ಲಿ ನನಗೆ ಅಡಿಗೆ ಯಾರು ಮಾಡುತ್ತಾರೆಂದು ಹೇಳುವುದು? ಈ ಕೊನೆಯ ಮಾತು ಬಾಯಿಂದ ಬಿದ್ದ ಮೇಲೆ ಅವನೇ ನಾಲಿಗೆ ಕಚ್ಚಿಕೊಂಡ.

ಗಂಗಾಧರಯ್ಯ ಗಂಟಲು ಸರಿಮಾಡಿಕೊಂಡ. "ನಾನು ಮಾಡ್ತೀನಿ ಬಿಡು" ಎಂದ. "ನಗ್ಬೇಡ ಕಣೋ ದೇವೀರಪ್ಪ. ಜಂಗಮರ ಕೈಯಡಿಗೆ ಅಂದ್ರೆ ನಿಮ್ಮಪ್ಪ ಮರುಮಾತಾಡಲ್ಲ. ಅಲ್ಲಿ ಹೆಂಗೂ ಒಂದೇ ಕೋಣೇಲಿ ಇರ್ತೀವಿ. ತಾಯೀ, ಆ ಮುದ್ದೆ ಒಂದು ಹೇಳ್ಕೊಟ್ಬಿಡಿ."

"ಅಯ್ನೋರೇ, ನಿಮ್ಗೆ ಒಲೆ ಹಚ್ಚಿ ಗೊತ್ತಾ?"

"ಭಿಕ್ಷಕ್ಕೆ ಹೋದ ಮನೇಲೆಲ್ಲ ಬೇಯಿಸಿದ್ದೇ ಹಾಕ್ತಿದ್ರು ತಾಯೀ. ಹಚ್ಚೋ ಪ್ರಮೇಯ ಬರ್ಲಿಲ್ಲ" ಎಂದ ಗಂಗಾಧರಯ್ಯ ಪ್ರಾಮಾಣಿಕವಾಗಿ.

ಬಹಳ ದಿನಗಳ ಮೇಲೆ ತೀರ್ಥಮ್ಮನಿಗೆ ನಗು ಬಂತು. ಕಾಲುವೆಯಲ್ಲಿ ಹಡಗು ಅಲುಗಾಡದೆ, ದನ ಮೇಯುವಷ್ಟು ನಿಧಾನಕ್ಕೆ ಹೋಗುತ್ತಿತ್ತು. ಪಾಠಕ್ಕೆ ಹೇಳಿ ಮಾಡಿಸಿದ ಹೊತ್ತು. ಗಂಗಾಧರಯ್ಯ ಕೋಟು ಬಿಚ್ಚಿಟ್ಟು, ಕವೆಗೋಲಿನ ಮೇಲೆ ಕಾಲೂರಿ, ದೊಣ್ಣೆ ಹಿಡಿದ. "ನೀರು ಕುದೀಲಿ, ಅವಸರ ಬ್ಯಾಡ. ಹಿಟ್ಟು ಸುರಿದ ತಕ್ಷಣ ಕೈ ಆಡಿಸ್ಬೇಡಿ, ಬೇಯಾಕೆ ಬಿಡಿ. ಈಗ ತಿರುವಿ. ಗಂಟು ಕಟ್ತದೆ, ಒತ್ತಿ ತಿರುವಿ ಅಯ್ನೋರೇ" ಎಂದು ಇವಳು ಹೇಳಿದಂತೆಲ್ಲ ಅವನು ಬೆವರು ಸುರಿಸಿಕೊಂಡು ತಿರುವಿದ. ಕನ್ನಡಕಕ್ಕೆ ಆವಿ ಹಿಡಿದು ಕಣ್ಣು ಕಾಣದಾಯಿತು. ಭಂಡಾರಿ ಹೊಟ್ಟೆ ಹಿಡಿದುಕೊಂಡು ನಕ್ಕ. ಕೊನೆಗೆ ಸೊಟ್ಟಪಟ್ಟ, ಒಳಗೆಲ್ಲ ಹಿಟ್ಟಿನ ಗಂಟಿರುವ ಎರಡು ಮುದ್ದೆ ಎದ್ದವು.

ದೇವೀರಪ್ಪ ಅಲ್ಲಿಯವ‌ರೆಗೂ ನೋಡುತ್ತ ನಿಂತಿದ್ದವನು, ಶೂಸು ಕಳಚಿ, ಷರಾಯಿ ಮಡಿಸಿಕೊಂಡು, ಡೆಕ್ಕಿನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಲಿಂಗವನ್ನು ಅಂಗೈಯಲ್ಲಿ ಹಿಡಿದು ಎಡೆ ತೋರಿಸಿದ. ಸಂಜೆಯ ಗಾಳಿಗೆ ಬಂದ ಬಿಳಿಯರು ನೋಡುತ್ತಿದ್ದರು. ಪ್ರೊಫೆಸರೂ ನಿಂತು ನೋಡಿದ. ದೇವೀರಪ್ಪ ಯಾರನ್ನೂ ಲಕ್ಷ್ಯಕ್ಕೆ ತರದೆ ಗಂಟುಮುದ್ದೆಯನ್ನು ಸಾರಿನಲ್ಲಿ ಅದ್ದಿ ಅದ್ದಿ ನುಂಗಿದ. ತಟ್ಟೆ ಬಳಿದು, ತೊಳೆದು, ನೀರು ಕುಡಿದ. ಆಮೇಲೆ ತಲೆ ಎತ್ತಿ ಹೆಂಡತಿಯನ್ನು ನೋಡಿದ. ಆ ನೋಟ ಏನು ಕೇಳುತ್ತಿದೆ ಎಂದು ಅವಳಿಗೆ ಗೊತ್ತಾಗದೆ ಇರಲಿಲ್ಲ.

"ಇನ್ಮೇಲೆ ಹಿಂಗೇ ಉಣ್ತೀನಿ" ಎಂದ. "ಎಲ್ರ ಮುಂದೇನೇ. ನಿಲ್ತೀಯಾ?"

ತೀರ್ಥಮ್ಮನ ಮನಸ್ಸು ಒಂದು ಗಳಿಗೆ ಕರಗಿತು ಎಂದು ಹೇಳದಿದ್ದರೆ ತಪ್ಪಾಗುತ್ತದೆ. ಅವಳಿಗೆ ಅವನ ಮೇಲೆ ಪ್ರೀತಿ ಇತ್ತು. ಆದರೆ ಕರಗಿದ ಹಿಂದೆಯೇ, ಇಷ್ಟು ಸುಲಭವಾಗಿತ್ತೇ ಇದು ಎಂಬ ಸಂಕಟ ಎದ್ದಿತು. ಶೂಸು ಕಳಚಿ ನೆಲದ ಮೇಲೆ ಕೂರುವುದು, ಅಷ್ಟೇ. ಅಷ್ಟನ್ನು ಅವನು ಮೊದಲ ವಾರವೇ ಮಾಡಿದ್ದರೆ ಅವಳು ಮೂರು ವರ್ಷವೂ ಸೊಂಟ ಮುರಿದುಕೊಂಡು ತಿರುವುತ್ತಿದ್ದಳು. ಮಗಳನ್ನು ನೆನೆದು ಅತ್ತರೂ ತಿರುವುತ್ತಿದ್ದಳು. ಈಗ ತಿರುವಲು ಒಳಗೆ ಏನೂ ಉಳಿದಿರಲಿಲ್ಲ. "ಇಲ್ಲ ಕಣ್ರೀ" ಎಂದಳು.

ಪೋರ್ಟ್ ಸೈದ್ ಬಂದರಿನಲ್ಲಿ ಗಂಗಾಧರಯ್ಯ ಅಲೆದಾಡಿ ಕೇಳಿಕೊಂಡು ಬಂದ. ಮುಂಬಯಿಗೆ ಹೋಗುವ ಹಡಗು ಲಂಗರು ಹಾಕಿತ್ತು. ಅದರಲ್ಲಿ ದೊರೆಸಾನಿಯೊಬ್ಬಳ ಮಕ್ಕಳನ್ನು ನೋಡಿಕೊಳ್ಳುವ ಆಯಾ ಇದ್ದಳು. ಬೆಳಗಾವಿಯ ಕಡೆಯವಳು, ವಯಸ್ಸಾದವಳು, ಮರಾಠಿಯ ನಡುವೆ ಅರ್ಧಂಬರ್ಧ ಕನ್ನಡ ಆಡುತ್ತಿದ್ದಳು. ಮುಂಬಯಿಯಲ್ಲಿ ರೈಲು ಹತ್ತಿಸುವವರೆಗೆ ಜೊತೆಗಿರುತ್ತೇನೆ ಎಂದು ಒಪ್ಪಿಕೊಂಡಳು. ಕಷ್ಟಕಾಲಕ್ಕಿರಲಿ ಎಂದು ಮಾವ ಕೊಟ್ಟಿದ್ದ ಹಣ ಟಿಕೀಟಿಗೆ ಆಯಿತು. ಊರಿಗೆ ತಂತಿಯೂ ಹೋಯಿತು. ರಾಗಿಹಿಟ್ಟಿನ ಮೂಟೆ, ಕವೆಗೋಲು, ದೊಣ್ಣೆಯನ್ನೆಲ್ಲ ಗಂಗಾಧರಯ್ಯನಿಗೆ ಒಪ್ಪಿಸಿ, ದಾರಿಗೆ ಬೇಕಾದಷ್ಟು ಹಿಟ್ಟು, ಒಂದು ಪಾತ್ರೆ ಮಾತ್ರ ಅವಳು ಕಟ್ಟಿಕೊಂಡಳು.

ಆ ಹಡಗಿಗೆ ಒಯ್ಯುವ ದೋಣಿ ಮೆಟ್ಟಿಲ ಕೆಳಗೆ ಕಾಯುತ್ತಿತ್ತು. ಗಂಗಾಧರಯ್ಯ ಗಂಟು ಹಿಡಿದು ಮುಂದೆ ಇಳಿದ. ದೇವೀರಪ್ಪ ಮೆಟ್ಟಿಲ ಹತ್ತಿರ ಅವಳನ್ನು ತಡೆದು ನಿಲ್ಲಿಸಿ, ಅತ್ತ ಇತ್ತ ನೋಡಿ, ಇಷ್ಟು ದಿನ ನುಂಗಿಕೊಂಡದ್ದನ್ನು ಕೇಳಿದ.

"ಮಠದಲ್ಲಿ ಕೇಳ್ತಾರೆ ಕಣೇ. ಅಂಗೈಲಿ ಲಿಂಗ ಹಿಡ್ಸಿ ಕೇಳ್ತಾರೆ. ನಾನು ಮೇಜಿನ ಮೇಲೆ ಉಂಡಿದ್ದು ಗೊತ್ತಾದ್ರೆ ಅಪ್ಪ ತಲೆ ಎತ್ಕೊಂಡು ತಿರುಗಂಗಿಲ್ಲ. ತಂಗಿ ಮದುವೆ ಮುರಿದು ಬೀಳುತ್ತೆ. ನನ್ನ ಮನೆ ಒಳಗೆ ಬಿಟ್ಕೊಳ್ಳಲ್ಲ. ಏನ್ ಹೇಳ್ತೀಯಾ?"

ಇದನ್ನು ಅವಳು ಕಾಲುವೆಯುದ್ದಕ್ಕೂ ಯೋಚಿಸಿದ್ದಳು. ನಿಜ ಹೇಳಿದರೆ ಇವನ ಬಾಳು ಹಾಳು. ಸುಳ್ಳು ಹೇಳೋಣವೆಂದರೆ ಲಿಂಗ ಹಿಡಿದ ಕೈ ಅದು.

"ನನ್ನ ಕೈಲಿ ಆಗ್ಲಿಲ್ಲ ಬುದ್ಧೀ ಅಂತೀನಿ" ಎಂದಳು. "ಮಾತು ಕೊಟ್ಟಿದ್ದೆ, ನಡ್ಸೋಕಾಗ್ಲಿಲ್ಲ. ಕೈ ಸೋತೋಯ್ತು, ಅಯ್ನೋರಿಗೆ ಒಲೆ ಒಪ್ಪಿಸಿ ಬಂದ್ಬಿಟ್ಟೆ ಅಂತೀನಿ. ಅದ್ರಲ್ಲಿ ಸುಳ್ಳು ಒಂದೂ ಇಲ್ವಲ್ಲ."

ದೇವೀರಪ್ಪನ ಕಣ್ಣು ಒದ್ದೆಯಾಯಿತು. ತಪ್ಪೆಲ್ಲ ಅವಳ ತಲೆಗೆ ಹೋಗುತ್ತದೆ ಎಂಬುದು ಅವನಿಗೆ ಆಗ ತಿಳಿಯಿತು. "ಬ್ಯಾಡ ಕಣೇ. ಗಂಡನಿಗೆ ಎರಡು ಹೊತ್ತು ಬೇಯಿಸಿ ಹಾಕಲಾರದೆ ಓಡಿ ಬಂದವ್ಳು ಅಂತ ಊರೆಲ್ಲ ಆಡ್ಕೊಳ್ತಾರೆ. ಅಮ್ಮ ಸುಮ್ನಿರ್ತಾಳಾ? ಮೂರು ವರ್ಷ ಆಡ್ಕೊಳ್ತಾರೆ."

"ಆಡ್ಕೊಳ್ಲಿ ಬಿಡ್ರೀ" ಎಂದಳು ತೀರ್ಥಮ್ಮ, ಮೆಟ್ಟಿಲಿಗೆ ಕಾಲಿಟ್ಟು. "ಅವ್ರು ಆಡ್ಕೊಳ್ಳೋವಾಗ ನಾನು ಗಿರಿಜೆಗೆ ತಲೆ ಬಾಚ್ತಾ ಇರ್ತೀನಿ."